ಗೆಡ್ಡೆ ಬೆಳೆದ ವರ

ಮಗಳಿಗೆ ಬಂದ ಸಂಬಂಧವೆಂದು ಹುಡುಗನ ಮನೆ ನೋಡಲು ವಿರೂಪಾಕ್ಷಯ್ಯ ಹೆಂಡತಿ, ಮಗಳೊಂದಿಗೆ ಬೆಟ್ಟದೂರಿಗೆ ಹೋದರು. ಹಿತ್ತಲಿಗೆ ಕಾಲಿಟ್ಟರೆ, ಹುಡುಗ ಪಂಚೆ ಎತ್ತಿ ಕಟ್ಟಿ ಮಣ್ಣಿನಿಂದ ಗೆಡ್ಡೆಯೊಂದನ್ನು ಕೀಳುತ್ತಿದ್ದ. ಅದರ ಮೈಯೆಲ್ಲ ಗಂಟು, ಬುಡದಲ್ಲಿ ಗಡ್ಡ ಬಿಟ್ಟಂತೆ ಬೇರು.

“ಇದೇನಪ್ಪಾ, ಕೆಸುವಿನ ಗೆಡ್ಡೆಗೆ ಕಜ್ಜಿ ಬಂದ ಹಾಗಿದೆ?” ಎಂದರು ವಿರೂಪಾಕ್ಷಯ್ಯ.

“ಸೆಲೇರಿಯಾಕ್ ಅಂತ ಸಾರ್, ಫಾರಿನ್ ತರಕಾರಿ. ಬಲಿಯೋಕೆ ಎಂಟು ತಿಂಗಳು ಬೇಕು. ಇವತ್ತು ನಾನೇ ಪಲ್ಯ ಮಾಡ್ತೀನಿ.”

“ಎಂಟು ತಿಂಗಳು ಇದಕ್ಕೆ ನೀರು ಹಾಕ್ಕೊಂಡು ಕೂತಿದ್ಯಾ? ಬೇರೆ ಕೆಲಸ ಇರಲಿಲ್ವಾ?”

ಹುಡುಗ ನಕ್ಕು ಗೆಡ್ಡೆ ತೊಳೆದುಕೊಂಡು ಒಳಗೆ ಹೋದ. ವಿರೂಪಾಕ್ಷಯ್ಯನವರ ಹೆಂಡತಿ ಸರ್ವಮಂಗಳಮ್ಮನೂ ಹಿಂದೆಯೇ ಹೋದರು. ಅವನು ಸಿಪ್ಪೆ ಹೆರೆದು, ಹೆಚ್ಚಿ, ಸಾಸಿವೆ ಒಗ್ಗರಣೆಗೆ ಹಾಕಿ ಬೇಯಿಸುವಷ್ಟು ಹೊತ್ತೂ ಆಕೆ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಮಾತಾಡುತ್ತ ಕೂತಿದ್ದರು. ಹೆಂಡತಿ ಅಡುಗೆಮನೆಯಲ್ಲಿ ಕೂತದ್ದನ್ನು ವಿರೂಪಾಕ್ಷಯ್ಯ ಕಂಡದ್ದು ಅದೇ ಮೊದಲು. ಗಂಡಸಿನ ಕೈಗೆ ಸೌಟು ಕೊಟ್ಟ ಮನೆಯಲ್ಲಿ ಹೆಂಗಸರು ಇನ್ನೇನು ಮಾಡಿಯಾರು ಎಂದು ತುಟಿ ಕೊಂಕಿಸಿದರು. ಊಟಕ್ಕೆ ಕೂತಾಗ ಪಲ್ಯವನ್ನು ಬೆರಳ ತುದಿಯಿಂದ ತಟ್ಟೆಯ ಅಂಚಿಗೆ ತಳ್ಳಿದರು. ತಾಯಿ ಮಗಳು ಇಬ್ಬರೂ ಮತ್ತೆ ಹಾಕಿಸಿಕೊಂಡರು.

ಕಾರು ಘಾಟಿ ಇಳಿಯುವಾಗ ವಿರೂಪಾಕ್ಷಯ್ಯ ತೀರ್ಪು ಕೊಟ್ಟರು.

“ಇವನೇನು ಸಂಸಾರ ಮಾಡ್ತಾನೆ? ಮಣ್ಣು ಕೆರೆಯೋದು, ಒಲೆ ಊದೋದು. ನಾಳೆನೇ ಫೋನ್ ಮಾಡಿ ಬೇಡ ಅಂದ್ಬಿಡ್ತೀನಿ.”

“ಮಗಳು ಒಪ್ಪಿದಾಳೆ” ಎಂದರು ಸರ್ವಮಂಗಳಮ್ಮ.

“ನೀನು?”

“ನಾನು ಹುಡುಗನ್ನ ಒಂದೇ ಮಾತು ಕೇಳ್ದೆ. ಅವಳ ಜೊತೆ ನಾನೂ ಬಂದು ಇದ್ಬಿಟ್ರೆ ನಿಮ್ಮನೇಲಿ ಜಾಗ ಇದೆಯಾ ಅಂತ. ಇದೆ ಅಂದ.”