ಕಣ್ಣೀರಿನ ಕ್ಲೋಸಪ್

ಹೊಸ ಹಾಡಿನ ವಿಡಿಯೋಗೆ ಗಾಯಕಿ ಇಂಪನಾಳ ಮುಖದ ಕ್ಲೋಸಪ್ ತೆಗೆಯುತ್ತಿದ್ದರು. ವಿರಹದ ಸಾಲು ಬಂದರೂ ಅವಳ ಕಣ್ಣು ಒದ್ದೆಯಾಗಲಿಲ್ಲ. ನಿರ್ದೇಶಕ ಕಿರೀಟಿ ಎದ್ದು ಬಂದು ಎಲ್ಲರೆದುರೇ ಅವಳ ಕೆನ್ನೆಗೆ ಬಾರಿಸಿದ.

“ಮನೇಲಿ ಹೊಡೆದ್ರೆ ಗೊಳೋ ಅಂತ ಅಳ್ತೀಯಲ್ಲ, ಇಲ್ಲೇನು ರೋಗ?”

ಅವನು ಅವಳ ಗಂಡ. ಇಂಪನಾಳ ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು.

“ಇನ್ನೂ ಅಳು ಬರ್ತಿಲ್ಲ ರೀ,” ಎಂದಳು. “ಇನ್ನೊಂದು ಹೊಡೀರಿ.”

ಅವನು ಜುಟ್ಟು ಹಿಡಿದೆಳೆದು ಮತ್ತೆ ಮತ್ತೆ ಹೊಡೆದ. ಅವಳು ನೆಲಕ್ಕೆ ಬಿದ್ದಳು. ಬಿದ್ದಲ್ಲಿಂದಲೇ ಕ್ಯಾಮೆರಾಮನ್ ಕಡೆ ತಿರುಗಿದಳು.

“ಇಸ್ಮಾಯಿಲಣ್ಣ, ಇವರ ಮುಖ ಬಂತಾ?”

“ಸ್ಪಷ್ಟವಾಗಿ ಬಂದಿದೆ ಕಣಮ್ಮ.” ಅವನು ಕ್ಯಾಮೆರಾದಿಂದ ಮೆಮೊರಿ ಕಾರ್ಡ್ ತೆಗೆದು ಅವಳ ಕೈಗಿಟ್ಟ. “ನಡಿ, ಪೊಲೀಸ್ ಸ್ಟೇಷನ್ನಿಗೆ ನಾನೂ ಬರ್ತೀನಿ.”