ಕರದಂಟಿನ ಡಬ್ಬಿಯ ಮುಚ್ಚಳ

"ಇದು ಬರೋಬ್ಬರಿ ಕೆಲಸ ಮಾಡಿತಂದ್ರ, ಈ ಡಬ್ಬೀನ ನನ್ನ ಕೈಯಾರ ಗಟಾರಕ್ಕ ಒಗೀತೇನಿ!" ಎಂದು ಖಾಸಿಂಸಾಬ ಹೆಂಡತಿ ದೌಲತಬಿಯ ಎದುರಿಗೇ ಮಾತು ಕೊಟ್ಟುಬಿಟ್ಟ. ಕಬ್ಬಿಣ ತಿರುಗಿಸಿ ಕೆತ್ತುವ ಲೇತಿನ ಮೇಲೆ, ಅಳಿಯ ಜಲಾಲುದ್ದೀನ ಮೂರು ತಿಂಗಳು ತಿಣುಕಿ ಮಾಡಿದ, ಟೂಲು ಹಿಡಿದು ನಿಲ್ಲಿಸುವ ಹೊಸ ಟೂಲ್ ಪೋಸ್ಟು ಮದುಮಗನ ಹಾಗೆ ಕೂತಿತ್ತು.

ಡಬ್ಬಿಯೆಂದರೆ ಅಮೀನಗಡದ ಕರದಂಟು ತುಂಬಿ ಬಂದಿದ್ದ ತಗಡಿನ ಡಬ್ಬಿ. ಮುಚ್ಚಳ ಯಾವ ಕಾಲಕ್ಕೋ ಕಳೆದಿತ್ತು. ಒಳಗೆ ತಗಡಿನ ಚೂರುಗಳು, ಮುರಿದ ಗರಗಸದ ಬ್ಲೇಡಿನ ತುಂಡುಗಳು. ಕಬ್ಬಿಣ ಕೆತ್ತುವ ಟೂಲಿನ ಮೊನೆ ತಿರುಗುವ ಶಾಫ್ಟಿನ ನಟ್ಟನಡುವಿನ ಎತ್ತರಕ್ಕೇ ಬರಬೇಕಲ್ಲ, ಟೂಲು ಬದಲಿಸಿದಾಗಲೆಲ್ಲ ಅದರ ಅಡಿಗೆ ಇಂಥ ಚೂರು ಇಟ್ಟು ಹೊಂದಿಸಬೇಕು. ಇಳಕಲ್ಲಿನಲ್ಲಿ ಇಪ್ಪತ್ತು ವರ್ಷ ಅದನ್ನು ಬರೀ ಕಣ್ಣಳತೆಯಲ್ಲಿ ಮಾಡಿ ಖಾಸಿಂಸಾಬ ಹೆಸರು ಗಳಿಸಿದ್ದ. ಅಳಿಯನ ಪೋಸ್ಟಿನಲ್ಲಿ ಆ ರಗಳೆಯೇ ಇಲ್ಲ. ಮೂರು ಟೂಲು ಮೊದಲೇ ಎತ್ತರಕ್ಕೆ ಕೂತಿವೆ. ಒಂದನ್ನು ಎತ್ತಿ, ಇನ್ನೊಂದನ್ನು ಇಳಿಸಿ, ಹಿಡಿಕೆ ತಿರುವಿದರೆ ಮುಗಿಯಿತು. ಕಣ್ಣಳತೆಯೇ ಬೇಡವಾದರೆ ಈ ಅಂಗಡಿಯಲ್ಲಿ ತಾನು ಯಾಕೆ ಬೇಕು? ಈ ಸಂಕಟವನ್ನು ಮಾತ್ರ ಆತ ಯಾರಿಗೂ ಹೇಳಿರಲಿಲ್ಲ.

ಜಲಾಲುದ್ದೀನ ಮೋಟಾರು ಹಾಕಿದ. ಪಂಪಿನ ಶಾಫ್ಟಿನ ತುದಿ ಸಪಾಟು ಮಾಡಿ ನಿಲ್ಲಿಸಿ ನೋಡಿದರೆ ನಟ್ಟನಡುವೆ ಕೆತ್ತದೆ ಬಿಟ್ಟ ಸಾಸಿವೆ ಕಾಳಿನಷ್ಟು ಮೊಟ್ಟು ಉಳಿದಿತ್ತು. ಬೇರೆ ಟೂಲು ಹಾಕಿದ. ಮತ್ತೆ ಅದೇ ಮೊಟ್ಟು.

"ಟೂಲು ತೆಳಗ ಬಿದ್ದೈತಿ," ಎಂದ ಖಾಸಿಂಸಾಬನ ಮೀಸೆ ಕುಣಿಯಿತು.

"ಎತ್ತರ ನೀವ ಅಳದು ಕೊಟ್ಟಿದ್ರಿ ಮಾವಾರ. ಅದರಾಗ ನಾ ಒಂದ ಕೂದಲೆಳಿನೂ ಹೆಚ್ಚುಕಮ್ಮಿ ಮಾಡಿಲ್ಲ."

"ಕುಣೀಲಾರದಾಕಿ ನೆಲ ಡೊಂಕು ಅಂದ್ಳಂತ!"

ಗೆದ್ದ ಹುಮ್ಮಸ್ಸಿನಲ್ಲಿ ಖಾಸಿಂಸಾಬ ಮೂಲೆಗಿಟ್ಟಿದ್ದ ತನ್ನ ಹಳೆಯ ಪೋಸ್ಟನ್ನು ಎತ್ತಿಕೊಂಡ. ಅದರ ಅಡಿಗೆ ಎಣ್ಣೆಯ ಜಿಡ್ಡಿಗೆ ಏನೋ ಅಂಟಿತ್ತು. ಕಿತ್ತು ಒರೆಸಿದರೆ ಚೌಕನೆಯ ತಗಡು; ಮೇಲೆ ಕೆಂಪು ಬಣ್ಣದಲ್ಲಿ 'ಕರದಂ' ಎಂಬಷ್ಟು ಅಕ್ಷರ. ಖಾಸಿಂಸಾಬನಿಗೆ ಈಗ ನೆನಪಾಯಿತು. ೧೯೫೯ರಲ್ಲಿ ಲೇತು ಕೊಂಡಾಗ ಪೋಸ್ಟೇ ಗಿಡ್ಡವಾಯಿತೆಂದು ಡಬ್ಬಿಯ ಮುಚ್ಚಳ ಕತ್ತರಿಸಿ ಅಡಿಗೆ ತೂರಿಸಿದವನು ತಾನೇ. ಅಳಿಯನಿಗೆ ಎತ್ತರ ಹೇಳುವಾಗ ಆ ತಗಡಿನ ದಪ್ಪ ಬಿಟ್ಟು, ಅದರ ಮೇಲಿನಿಂದ ಅಳೆದವನೂ ತಾನೇ. ಅಲ್ಲೊಂದು ತಗಡಿದೆ ಎಂಬುದೇ ಮರೆತುಹೋಗಿತ್ತು.

ತಗಡನ್ನು ಸುಮ್ಮನೆ ಜೇಬಿಗಿಳಿಸಿದ್ದರೆ ಮುಗಿಯುತ್ತಿತ್ತು. ಯಾರೂ ನೋಡಿರಲಿಲ್ಲ. ಆದರೆ ಜಲಾಲುದ್ದೀನ ಅರಿವೆಯಿಂದ ತನ್ನ ಪೋಸ್ಟನ್ನು ಒರೆಸುತ್ತ ನಿಂತಿದ್ದ, ಜ್ವರ ಬಂದ ಕೂಸಿನ ಮೈ ಒರೆಸುವ ಹಾಗೆ. ಖಾಸಿಂಸಾಬನಿಗೆ ನೋಡಲಾಗಲಿಲ್ಲ.

"ಸರಿ ಲೇ ಆಚೀಗೆ. ತಪ್ಪು ನಿಂದಲ್ಲ, ನಂದು. ಇದರ ಮ್ಯಾಲಿಂದ ಅಳದಿದ್ದೆ," ಎಂದವನೇ ಬೋಲ್ಟು ಸಡಿಲಿಸಿ, ಹೊಸ ಪೋಸ್ಟಿನ ಅಡಿಗೆ ತಗಡು ಇಟ್ಟು ಬಿಗಿದ. ಅಳಿಯ ಮತ್ತೆ ಮೋಟಾರು ಹಾಕಿದ. ಮೊಟ್ಟು ಮಾಯ! ಮೂರೂ ಟೂಲು ಬದಲಿಸಿ ನೋಡಿದರು, ಎಲ್ಲವೂ ನಟ್ಟನಡುವಿಗೇ.

"ಅಯ್ಯ, ನಾ ಇಪ್ಪತ್ತ ವರ್ಷ ಹುಡುಕಿದ ಮುಚ್ಚಳ ಅಲ್ಲೈತೇನ್ರಿ?" ಚಹಾ ತಂದು ನಿಂತಿದ್ದ ದೌಲತಬಿ ನಗು ತಡೆಯಲಾರದೆ ಕಪ್ಪು ತುಳುಕಿಸಿದಳು. "ಆತು, ಅಳಿಯಾ ಗೆದ್ದ. ಇನ್ನ ಡಬ್ಬಿ ಗಟಾರಕ್ಕ ಒಗೀರಿ. ಮಾತು ಅಂದ್ರ ಮಾತು!"

ಖಾಸಿಂಸಾಬ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡ.

"ಮುಚ್ಚಳ ಇನ್ನೂ ಡ್ಯೂಟಿ ಮ್ಯಾಲ ಐತಿ. ಅದು ರಿಟೈರ್ ಆಗಿ ಬರಲಿ, ಇಬ್ಬರನೂ ಕೂಡೇ ಒಗಿಯೂಣು."