ಟೇಬಲ್ ಮೇಲಿನ ಹಿಮ

ರವೆ ಹುರಿಯುವ ವಾಸನೆ ಬಂದರೆ ಈಗಲೂ ಸಿಂಗಾಪುರದ ಬುಕಿತ್ ಬಾಟೋಕ್ ಫ್ಲಾಟಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಕೆನಡಾದ ಹಳ್ಳಿಯಿಂದ ಅತ್ತೆ ಫೋನ್ ಮಾಡಿದ್ದರು. ಮಾವನಿಗೆ ಹುಷಾರಿರಲಿಲ್ಲ. "ಅಣ್ಣ, ಸ್ನೋ ಬಿದ್ರೆ ಇವ್ರನ್ನ ಹಾಸ್ಪಿಟಲ್‌ಗೆ ಕರ್ಕೊಂಡು ಹೋಗೋಕೇ ಆಗಲ್ಲ. ಟ್ರ್ಯಾಕ್ಟರ್‌ಗೆ ತಳ್ಳೋ ಬ್ಲೇಡ್ ಹಾಕಿಸ್ಲಾ, ದೂರ ಎಸೆಯೋ ಬ್ಲೋಅರ್ ಹಾಕಿಸ್ಲಾ?"

ಹಿಮವನ್ನೇ ಕಾಣದ ಅಪ್ಪ ಫ್ಯಾನ್ ಆರಿಸಿ, ಅಮ್ಮ ಹುರಿದಿಟ್ಟ ರವೆಯನ್ನು ಟೇಬಲ್ ಮೇಲೆ ಹರಡಿ, ನನ್ನ ಆಟದ ಟ್ರ್ಯಾಕ್ಟರಿಗೆ ರಟ್ಟು ಅಂಟಿಸಿ ತಳ್ಳಿದರು. ರವೆ ಎರಡೂ ಬದಿಗೆ ಗುಡ್ಡೆಯಾಯಿತು. ಮತ್ತೆ ಮತ್ತೆ ರವೆ ಸುರಿದು ತಳ್ಳಿದಂತೆಲ್ಲ ದಾರಿ ಕಿರಿದಾಗುತ್ತ ಮುಚ್ಚಿಯೇ ಹೋಯಿತು.

"ಸೆಕೆ ರೀ!" ಎನ್ನುತ್ತ ಅಮ್ಮ ಫ್ಯಾನ್ ಹಾಕಿದರು. ರವೆಯೆಲ್ಲ ಹಾರಿ ಸೋಫಾದಡಿ ಸೇರಿತು. ಅಪ್ಪ ಫೋನೆತ್ತಿದರು. "ಬ್ಲೋಅರೇ ತಗೊಳ್ಳಮ್ಮ."

ಅಲ್ಲಿನ ಚಳಿಗಾಲದಲ್ಲಿ ಅತ್ತೆ ಮತ್ತೆ ಫೋನ್ ಮಾಡಿದರು. "ರಾತ್ರಿಯೆಲ್ಲ ಸುರೀತು ಅಣ್ಣ. ಆದ್ರೂ ಬ್ಲೋಅರ್ ದಾರಿ ಮಾಡ್ಕೊಡ್ತು, ಟೈಮಿಗೆ ಹಾಸ್ಪಿಟಲ್ ತಲುಪಿದ್ವಿ."

ಅಪ್ಪ ಉಸ್ಸೆಂದು ಕುಳಿತರು. ಅಮ್ಮ ಕಣ್ಣೊರೆಸಿಕೊಂಡು ಪೊರಕೆ ಕೊಟ್ಟರು. "ಇನ್ನು ಆವತ್ತಿಂದ ನಮ್ಮ ಸೋಫಾ ಕೆಳಗಿರೋ ಸ್ನೋ ತೆಗೀರಿ."